ಪುಕ್ಕ ಕಟ್ಟಿದ ಗಾಳ

ತಮ್ಮ ಪಿಳ್ಳಪ್ಪನಿಗೆ ಸಾರಕ್ಕಿಯಿಂದ ನಿನ್ನ ಅಕ್ಕ ಬರೆಯುವುದು. ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ಮೊಮ್ಮಗಳು ಚೈತ್ರ ಇಂಟರ್‌ನೆಟ್ಟಿನಲ್ಲಿ ಮೀನಿನ ಗಾಳ ತರಿಸಿದಳು. ಅದಕ್ಕೆ ಪುಕ್ಕ, ಬಣ್ಣದ ದಾರ ಸುತ್ತಿದ್ದಾರೆ. ನೋಡಿದರೆ ಥೇಟ್ ನೊಣ. ಎರೆಹುಳ ಬೇಡವೇ ಬೇಡವಂತೆ. ವಾಸನೆಯೇ ಇಲ್ಲದ್ದನ್ನು ಮೀನು ಹೇಗೆ ನಂಬುತ್ತದೋ!

"ನಮ್ಮ ಮಾರ್ಕೆಟ್ಟಲ್ಲಿ ಗಾಳ ಸಿಗಲ್ವೇನೇ?" ಅಂದೆ.

"ನೊಣದ ಗಾಳ ಕೇಳಿದ್ರೆ ಅಂಗಡಿಯವ್ನು ನಗ್ತಾನೆ ಅಜ್ಜಿ. ಇವ್ರು ಯಾವ ಮೀನು, ಎಲ್ಲಿಗೆ ಹೋಗ್ತೀರಾ ಅಂತೆಲ್ಲಾ ಕೇಳಿ ಕಳಿಸ್ತಾರೆ."

"ಎಲ್ಲಿಗೆ ಅಂತ ಕೇಳಿದ್ರಾ? ಹಂಗಾದ್ರೆ ನಿಂಗೆ ಕಪ್ಪೇನೂ ಬೀಳಲ್ಲ, ಬಿಡು!"

ಗಾಳ ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ. ನಮ್ಮ ಅಂಗಡಿಯವನೂ ಬಾಯಿ ಮುಚ್ಚಿಕೊಂಡೇ ಗಾಳ ಕೊಡುತ್ತಿದ್ದ.

ಚೈತ್ರ ನಕ್ಕಳು. "ಹೋದ್ಸಲಾನೂ ಕೇಳಿದ್ರು. ಕಾವೇರೀಲಿ ಸಖತ್ ಮೀನು ಬಿತ್ತು."

ಕೇಳಿದರೂ ಬೀಳುತ್ತದೆಯೇ? ಆಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ನೀನು ಮನೆ ಬಿಟ್ಟ ಬೆಳಿಗ್ಗೆ ನಾನು ಹೊಸ್ತಿಲಲ್ಲೇ ರಂಗೋಲಿ ಹಾಕುತ್ತಿದ್ದೆ. ನಿನ್ನ ಒಂದು ಕೈಯಲ್ಲಿ ಗಾಳದ ಕಡ್ಡಿ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಗಂಟು ನನ್ನ ಕಣ್ಣಿಗೆ ಬಿತ್ತು, ಪಿಳ್ಳಪ್ಪ. ನಿನಗೆ ಮೀನು ಸಿಗಲಿ ಎಂದು ಸುಮ್ಮನಿದ್ದೆ.