ಜಪದ ನಡುವೆ ಒಂದು ಹಿಡಿ ಉಪ್ಪು

ಅಪ್ಪಾ,

ಕಾರ್ಡಿನಲ್ಲಿ ಜಾಗ ಕಡಿಮೆ, ನಡೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಸ್ಟರ್ ಆಗಲು ನನಗೆ ದೇವರ ಕರೆ ಇದೆಯೋ ಇಲ್ಲವೋ ನೋಡೋಣವೆಂದು ಈ ಕಾನ್ವೆಂಟಿಗೆ ಬಂದರೆ, ಬೇಕರಿಯವರ ಮಗಳೆಂದು ತಿಳಿದ ಕೂಡಲೇ ಚರ್ಚಿನ ಪೂಜೆಯಲ್ಲಿ ಹಂಚುವ ಪರಮಪ್ರಸಾದದ ರೊಟ್ಟಿ ಮಾಡುವ ಕೋಣೆಗೇ ಹಾಕಿಬಿಟ್ಟರು. ಕಾಗದದಷ್ಟು ತೆಳ್ಳಗೆ ಬೇಯಿಸಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಬೇಕು. ಹಿಟ್ಟು, ನೀರು ಬಿಟ್ಟು ಬೇರೇನೂ ಸೇರಬಾರದು. ನಿನ್ನೆ ನಾನು ಜಪ ಹೇಳುತ್ತಲೇ ಎದ್ದು, ಅಡುಗೆಮನೆಯಿಂದ ಒಂದು ಹಿಡಿ ಉಪ್ಪು ತಂದು ಹಿಟ್ಟಿಗೆ ಸುರಿದಿದ್ದೇನೆ. ಸುರಿದದ್ದೂ ಗೊತ್ತಾಗಲಿಲ್ಲ! ಅಂಚಿನ ಚೂರು ಬಾಯಿಗೆ ಹಾಕಿಕೊಂಡ ಮುದಿ ಸಿಸ್ಟರ್, “ಅಯ್ಯೋ ಮಗಳೇ, ನಲವತ್ತು ವರ್ಷದಲ್ಲಿ ಇವತ್ತೇ ಇದಕ್ಕೊಂದು ರುಚಿ ಬಂದಿದ್ದು” ಅಂತ ಬಿದ್ದು ಬಿದ್ದು ನಕ್ಕರು. ಅಷ್ಟೂ ರೊಟ್ಟಿ ಕೋಳಿಗಳ ಪಾಲಾಯಿತು.

ನನಗೆ ನಗು ಬರಲಿಲ್ಲ. ನಾಳೆ ಇಲ್ಲಿನ ಮುಖ್ಯಸ್ಥೆ ಮದರ್ ಕರೆದು, “ಇರ್ತೀಯೋ, ಹೋಗ್ತೀಯೋ?” ಅಂತ ಕೇಳುತ್ತಾರೆ. ಮೂರು ವಾರ ಮೊಣಕಾಲೂರಿದರೂ ದೇವರು ತುಟಿಪಿಟಕ್ಕೆನ್ನಲಿಲ್ಲ. ಈಗ ಈ ಉಪ್ಪೇ ಅವನ ಉತ್ತರವೋ, ಬರೀ ನಮ್ಮ ಬೇಕರಿಯ ಹಿಟ್ಟಿಗೆ ಉಪ್ಪು ಹಾಕಿ ಹಾಕಿ ನನ್ನ ಕೈಗೆ ಬಂದ ಅಭ್ಯಾಸವೋ?

ಊಟಕ್ಕೆ ಕೊರತೆಯಿಲ್ಲ. ಎರಡು ಬೆರಳು ಸುಟ್ಟುಕೊಂಡಿದ್ದೇನೆ, ಮುಲಾಮು ಹಚ್ಚಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ಈ ಸಾಲು ಹಾರಿಸಿಬಿಡಿ.

ಪೂಜೆಗೆ ಗಂಟೆ ಹೊಡೆಯುತ್ತಿದೆ, ಓಡಬೇಕು. ಈ ಕಾರ್ಡ್ ನಿಮ್ಮ ಕೈ ಸೇರುವಷ್ಟರಲ್ಲಿ ಮದರ್‌ಗೆ ಏನೋ ಒಂದು ಹೇಳಿಯಾಗಿರುತ್ತದೆ. ಬಹುಶಃ “ಇರ್ತೀನಿ” ಅಂತಲೇ ಹೇಳುತ್ತೇನೆ. ಆದರೂ ನಮ್ಮ ಬೇಕರಿಯ ಒಲೆ ಪಕ್ಕದ ಮೊಳೆಯಲ್ಲಿ ನೇತುಹಾಕಿರುವ ನನ್ನ ಏಪ್ರನ್ ಮಾತ್ರ ಯಾರಿಗೂ ಕೊಡಬೇಡಿ.

ನಿಮ್ಮ ಕಿರಿಮಗಳು