ರಾಷ್ಟ್ರಪತಿ ಆಗಾಕೆ ಒಂದೇ ಕಡಿಮೆ

ಎಸ್.ಎಸ್. ಬಡಾವಣೆ, ದಾವಣಗೆರೆ
ಭಾನುವಾರ

ಕರಿಬಸಣ್ಣಗೆ ಪಕ್ಕದ ಮನೆ ಬುಡೇನನ ಸಲಾಮು.

ರಾಷ್ಟ್ರಪತಿ ಚುನಾವಣೆಗೆ ನಿನ್ನ ಹೆಸರು ಕೊಟ್ಟೀನಿ. ವಿಚಾರಣೆಗೆ ಪೊಲೀಸ್ನೋರು ಹರಿಹರಕ್ಕೆ ಬರ್ತಾರೆ, ಮಗಳ ಮನೇಲಿ ಅಂಗಿ ಹಾಕ್ಕೊಂಡು ಕೂತಿರು.

ಸುಳ್ಳು, ಗಾಬರಿ ಆಗ್ಬ್ಯಾಡ.

ಮೊಮ್ಮಗಳು ತಸ್ಲೀಮ್ ಪರೀಕ್ಷೆಗೆ ಬಾಯಿಪಾಠ ಮಾಡೋದು ಕೇಳಿ ನಿನ್ನನ್ನ ತೂಗಿ ನೋಡ್ದೆ. ಭಾರತದ ಪ್ರಜೆ ಆಗಿರ್ಬೇಕು, ಆಗಿದ್ದಿ. ಮೂವತ್ತೈದು ತುಂಬಿರ್ಬೇಕು, ನಿನಗೆ ಎರಡು ಸಲ ತುಂಬೈತೆ. ಲಾಭದ ಹುದ್ದೇಲಿ ಇರ್ಬಾರ್ದು. ನಿನ್ನ ಸೈಕಲ್ ಅಂಗಡಿ ಲಾಭದ ಮುಖ ಯಾವಾಗ ನೋಡಿತ್ತು? ಸೂಚಿಸಾಕೆ ಐವತ್ತು, ಅನುಮೋದಿಸಾಕೆ ಐವತ್ತು ಎಂಪಿ, ಎಮ್ಮೆಲ್ಲೆ ಬೇಕು, ಅವರನ್ನ ನಾನು ಹುಡುಕ್ತೀನಿ. ಮತದಾರರ ಪಟ್ಟೀಲಿ ಹೆಸರಿರ್ಬೇಕು. ಅದಿಲ್ಲ. ಇದು ಸುಳ್ಳಲ್ಲ. ನೀನು ಸತ್ತಿದ್ದಿ ಅಂತ ಹೆಸರು ತೆಗೆದಾರೆ.

ಹೆಸರು ತಿರುಗಿ ಸೇರ್ಸಾಕೆ ಶುಕ್ರವಾರ ಕಡೇ ದಿನ. ಬುಧವಾರ ಬೆಳಗಿನ ಬಸ್ಸಿಗೆ ಬಾ. ಆಧಾರ್, ಎರಡು ಫೋಟೋ ತಾ. ಪಟ್ಟಿ ಮಾಡೋ ಮೇಡಂ ನಿನ್ನನ್ನ ಕಣ್ಣಾರೆ ನೋಡ್ಬೇಕಂತೆ. ಅರ್ಜಿ ತುಂಬಿಟ್ಟೀನಿ. ಪಟ್ಟಿ ನೋಡ್ದಾಗಿಂದ, ಮೂರು ದಿನ ಆತು, ನನಗೆ ಕೂತಲ್ಲಿ ಕೂರಾಕೆ ಆಗ್ತಿಲ್ಲ.

ಯಾಕ ಅಂದ್ರೆ, ಹೋದ ತಿಂಗಳು ಆ ಮೇಡಂ ಬಂದಾಗ ನಿನ್ನ ಬಾಗಿಲಿಗೆ ಬೀಗ ಇತ್ತು. "ಇವ್ರು ಎಲ್ಲಿ ಹೋದ್ರು ಅಜ್ಜಾ?" ಅಂದ್ಲು. ನೀನು ನನಗೆ ಒಂದು ಮಾತು ಹೇಳ್ದೆ ಹೋಗಿದ್ದಿ, ಆ ಸಿಟ್ಟಿತ್ತು. "ಸತ್ರವ್ವಾ, ನಾನೇ ಮಣ್ಣಿಗೆ ಹೋಗಿದ್ದೆ" ಅಂದೆ. ನಗ್ತಾಳೆ ಅಂದ್ಕೊಂಡೆ. ಆಕೆ ಬರ್ಕೊಂಡ್ಲು. ಕೆಳಗೆ ಸಾಕ್ಷಿ ಸಹಿ ಹಾಕಿದೋನು ನಾನೇ.

ಬುಡೇನ್ ಸಾಬ್