ಒಂದು ಸೂರಿಗೆ ಎರಡು ಹೊಗೆ

ಐನ್ ಸಿಂದಿಯಾನ್
ನವೆಂಬರ್ ೧೭, ಗುರುವಾರ

ಸೊಸೆ ಹನಾದಿಗೆ, ಬೆಟ್ಟದ ಮೇಲಿನಿಂದ ನಿನ್ನ ಅತ್ತೆಯ ಸಲಾಮು.

ನೀನೂ ತಾಲಾಳೂ ಕ್ಷೇಮವೆಂದು ನಂಬಿದ್ದೇನೆ. ಕಾಗದವೇಕೆ, ಫೋನಿಲ್ಲವೇ ಎಂದು ನಗಬೇಡ. ಫೋನಿದೆ. ಅದಕ್ಕೆ ಕರೆಂಟಿದ್ದ ಹೊತ್ತಿನಲ್ಲಿ ಟವರಿಗೆ ಇರುವುದಿಲ್ಲ, ಟವರಿಗಿದ್ದಾಗ ಫೋನು ಸತ್ತಿರುತ್ತದೆ. ಅದೂ ಅಲ್ಲದೆ, ನಾನು ಕಳಿಸುವ ಧ್ವನಿ ಸಂದೇಶಗಳನ್ನು ನೀನು ಎರಡು ಪಟ್ಟು ವೇಗದಲ್ಲಿ ಓಡಿಸಿಕೊಂಡು ಕೇಳುತ್ತೀಯೆಂದು ನನ್ನ ಮಗ ನಾಯೆಫ್ ಎಂದೋ ಬಾಯಿಬಿಟ್ಟಿದ್ದಾನೆ. ಕಾಗದವನ್ನು ಹಾಗೆ ಓಡಿಸಲಾಗದು. ಕೆಳಗೆ ನಿಮ್ಮೂರು ಶುವೈಫಾತಿಗೆ ಸೇಬು ಸಾಗಿಸುವ ವ್ಯಾನಿನವನ ಕೈಗೆ ಇದನ್ನು ಕೊಡುತ್ತಿದ್ದೇನೆ. ಜೊತೆಗೆ ನಾನೇ ಮೊಸರು, ಗೋಧಿನುಚ್ಚು ಕಲಸಿ ಒಣಗಿಸಿದ ಒಂದು ಡಬ್ಬಿ ಕಿಶ್ಕ್ ಹಿಟ್ಟು ಇದೆ. ನಿಮ್ಮಮ್ಮ ಅದನ್ನು ನೀರು ನೀರಾಗಿ ಕಾಯಿಸುತ್ತಾರೆ, ನೀನೇ ಕಾಯಿಸು.

ನೀನು ಮಗುವನ್ನೆತ್ತಿಕೊಂಡು ತವರಿಗೆ ಹೋದ ಮೇಲೆ ಇಲ್ಲಿನ ಕೆಲಸವೇನೂ ನಿಂತಿಲ್ಲ. ಮನೆಯನ್ನು ಚಳಿಗಾಲಕ್ಕೆ ಹೇಗೆ ಅಣಿ ಮಾಡಿದ್ದೇನೆಂದು ತಿಳಿಸೋಣವೆಂದು ಬರೆಯುತ್ತಿದ್ದೇನೆ, ಅಷ್ಟೇ. ಬಾ ಎಂದು ಕರೆಯಲು ಬರೆದದ್ದಲ್ಲ. ಆದರೆ ಒಂದು ಮಾತು ಹೇಳುವುದು ಹಿರಿಯಳಾದ ನನ್ನ ಕರ್ತವ್ಯ. ಈಚೆ ಬೆಟ್ಟದ ನೆತ್ತಿ ಬೆಳ್ಳಗಾಗಿದೆ. ಹಿಮ ಕೆಳಗಿಳಿದು ರಸ್ತೆ ಮುಚ್ಚಿತೆಂದರೆ ಆಮೇಲೆ ಯಾವಾಗ ತೆರೆಯುತ್ತದೋ ದೇವರಿಗೇ ಗೊತ್ತು. ಬರಬೇಕೆನ್ನುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬರುವ ಮನಸ್ಸಿಲ್ಲದವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಸರ್ಕಾರದ ಕರೆಂಟು ಈ ವರ್ಷ ಹೋದ ವರ್ಷಕ್ಕಿಂತ ಕಡೆ. ಬಂದಳೆಂದರೆ ಬಟ್ಟೆ ಮೆಷಿನ್ನಿಗೆ ಹಾಕುವಷ್ಟರಲ್ಲಿ ಹೋದಳು. ಬೇರೆ ಊರಿನ ಭಾಷೆಗಳಲ್ಲಿ ಕರೆಂಟು ಗಂಡೂ ಅಲ್ಲ ಹೆಣ್ಣೂ ಅಲ್ಲವಂತೆ; ನಮ್ಮ ಬಾಯಲ್ಲಿ ಮಾತ್ರ ಅವಳು ಹೆಣ್ಣೇ. ನಿನ್ನ ಮಾವ ಬದುಕಿದ್ದಾಗ, "ಹೆಣ್ಣಲ್ದೆ ಇನ್ಯಾರು ಹೀಗೆ ಕಾಯಿಸ್ತಾರೆ?" ಅನ್ನುತ್ತಿದ್ದರು. "ಗಂಡಸಾಗಿದ್ರೆ ಬರ್ತಾನೇ ಇರ್ಲಿಲ್ಲ, ಸುಮ್ನಿರಿ" ಅನ್ನುತ್ತಿದ್ದೆ ನಾನು. ಬೀದಿಗೆಲ್ಲ ಕರೆಂಟು ಮಾರುವ ಶೌಕತ್‌ನ ಜನರೇಟರು ದೀಪ ಹಚ್ಚುವ ಹೊತ್ತಿಗೆ ಶುರುವಾಗಿ ಊಟ ಮುಗಿಯುವುದರೊಳಗೆ ನಿಲ್ಲುತ್ತದೆ. ಡೀಸೆಲ್ ಸಿಗದ ದಿನ ಅದೂ ಇಲ್ಲ. ನಮಗೆ ಅವನು ಕೊಡುವುದು ಅದೇ ಐದು ಆಂಪಿಯರು. ನೀನಿದ್ದಾಗ ಹೀಟರನ್ನೂ ಮೆಷಿನ್ನನ್ನೂ ಒಟ್ಟಿಗೆ ಹಾಕಿ ದಿನಕ್ಕೊಮ್ಮೆಯಾದರೂ ಫ್ಯೂಸು ಹಾರಿಸುತ್ತಿದ್ದೆ. ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ, ನೀನು ಬಚ್ಚಲಿನಿಂದ ಕೂಗುತ್ತಿದ್ದೆ. ಈಗ ಹಾರುವುದಿಲ್ಲ. ಮನೆ ಬಹಳ ಶಾಂತವಾಗಿದೆ.

ನಿನ್ನ ಗಂಡನ ಕ್ಷೌರದ ಅಂಗಡಿ ನಡೆಯುತ್ತಿದೆ ಎಂದರೆ ನಡೆಯುತ್ತಿದೆ. ಅವಳು ಹೋದಾಗ ಯಂತ್ರ ಗಿರಾಕಿಯ ತಲೆಯ ಅರ್ಧದಲ್ಲಿ ನಿಲ್ಲುತ್ತದೆ. ಕತ್ತರಿ ಹಿಡಿದು ಮುಗಿಸು ಎಂದರೆ ಆ ಚಾಕಚಕ್ಯತೆ ಈ ಹುಡುಗರಿಗೆಲ್ಲಿ? ಮೊನ್ನೆ ಶೇಖ್ ಮನೆತನದ ಮದುಮಗ ಅರ್ಧ ತಲೆಗೆ ಟೋಪಿ ಹಾಕಿಕೊಂಡು ಬೀದಿಯಲ್ಲಿ ಓಡಾಡಿದ. ನಾಯೆಫ್ ಅಂಗಡಿಯಿಂದ ತಡವಾಗಿ ಬರುತ್ತಾನೆ, ಉಣ್ಣುತ್ತಾನೆ, ಗೋಡೆ ನೋಡುತ್ತಾನೆ. ನಿನ್ನ ಹೆಸರನ್ನು ನಾನೂ ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ.

ನಿನ್ನ ಫ್ರೀಜರನ್ನು ಖಾಲಿ ಮಾಡಿ ಒರೆಸಿ ಬಾಗಿಲು ತೆರೆದಿಟ್ಟಿದ್ದೇನೆ. ಬೇಸಿಗೆಯಲ್ಲಿ ನೀನು ಕುಳಿತು ಚೀಲ ಚೀಲ ತುಂಬಿಟ್ಟ ಬೆಂಡೆಕಾಯಿ, ಬಟಾಣಿ, ಮುಲೂಖಿಯಾ ಸೊಪ್ಪು ಎಲ್ಲವೂ ಕರಗಲು ಹತ್ತಿದ್ದವು. ಎಸೆಯಲು ಮನಸ್ಸಾಗಲಿಲ್ಲ. ಒಂದು ವಾರ ಬೆಳಿಗ್ಗೆ ಬೆಂಡೆಕಾಯಿ, ಸಂಜೆ ಬೆಂಡೆಕಾಯಿ. ಈ ಬೆಟ್ಟದಲ್ಲಿ ಫ್ರೀಜರನ್ನು ನಂಬಬೇಡ ಎಂದು ಮದುವೆಯಾಗಿ ಬಂದ ವರ್ಷವೇ ನಿನಗೆ ಹೇಳಿದ್ದೆ. ಕಿಶ್ಕಿಗೆ ಕರೆಂಟು ಬೇಡ, ಎಣ್ಣೆಯಲ್ಲಿ ಮುಳುಗಿಸಿದ ಬದನೆಗೆ ಬೇಡ, ಕೊಬ್ಬಿನಲ್ಲಿ ಹುರಿದಿಟ್ಟ ಕುರಿಮಾಂಸಕ್ಕೆ ಬೇಡ. ಅವೆಲ್ಲ ಮಾಡಿ ಅಟ್ಟಕ್ಕೇರಿಸಿದ್ದೇನೆ. ಅಳತೆ ತಪ್ಪಿ ನಾಲ್ವರಿಗಾಗುವಷ್ಟು ಆಗಿಹೋಗಿದೆ. ಕೈಗೆ ರೂಢಿ ಬಿದ್ದದ್ದು ಬೇಗ ಹೋಗುವುದಿಲ್ಲ. ಬೆಂಡೆಕಾಯಿ ಮಾತ್ರ ಚೆನ್ನಾಗಿತ್ತು.

ಪಕ್ಕದ ಮನೆಯ ಬಹೀಜಾ ಮಾಡಿನ ಮೇಲೆ ಸೋಲಾರ್ ಹಲಗೆ ಹಾಕಿಸಿದ್ದಾಳೆ. ಸೂರ್ಯನನ್ನೇ ಮನೆ ಆಳು ಮಾಡಿಕೊಂಡವಳ ಹಾಗೆ ಮೆರೆಯುತ್ತಾಳೆ. ಮೋಡ ಮುಚ್ಚಿದ ದಿನ ಮಾತ್ರ ನಮ್ಮಲ್ಲಿಗೆ ಬಂದು, "ಸಮೀಹಾ, ನಿನ್ ಬ್ಯಾಟರೀಲಿ ಸ್ವಲ್ಪ ಜೀವ ಇದ್ಯೇನೇ?" ಎಂದು ಫೋನು ಚಾಚುತ್ತಾಳೆ. ನಾನು ಚುಚ್ಚಲು ಕೊಡುತ್ತೇನೆ. ಎರಡು ಮಾತು ಚುಚ್ಚಿಯೂ ಕೊಡುತ್ತೇನೆ. ಸೀಮೆಎಣ್ಣೆ ದೀಪಗಳ ಬತ್ತಿ ಬದಲಾಯಿಸಿದ್ದೇನೆ. ನೀರಿನ ಟ್ಯಾಂಕು ತುಂಬಿಸಿ ಕೊಳಾಯಿಗೆ ಚಿಂದಿ ಸುತ್ತಿದ್ದೇನೆ. ತಾಲಾಳ ಬೂಟು ಹೊರತೆಗೆದು ನೋಡಿದೆ, ಅವಳ ಕಾಲಿಗೆ ಈಗ ಹಿಡಿಯಲಾರದು. ಅವಳ ಕಾಲಿನ ಅಳತೆಯನ್ನು ದಾರ ಕತ್ತರಿಸಿ ವ್ಯಾನಿನವನ ಕೈಲಿ ಕಳಿಸು. ಬೂಟು ಕೊಡಿಸಿ ಕಳಿಸುತ್ತೇನೆ, ಅಲ್ಲಿ ಹಿಮವಿಲ್ಲದಿದ್ದರೂ ಅಜ್ಜಿ ಕೊಟ್ಟದ್ದೆಂದು ಹಾಕಿಕೊಳ್ಳಲಿ.

ಒಲೆಯ ಕೋಣೆಯ ಮಾತನ್ನು ಬರೆಯದೆ ದಾಟಿಬಿಡೋಣವೆಂದಿದ್ದೆ. ಆದರೆ ಚಳಿಗಾಲದ ಮನೆಯೆಂದರೆ ಆ ಕೋಣೆಯೇ, ದಾಟುವುದು ಹೇಗೆ? ಹಾಸಿಗೆಗಳನ್ನೆಲ್ಲ ಅಲ್ಲಿಗೆ ಎಳೆದು, ಉಳಿದ ಕೋಣೆಗಳ ಬಾಗಿಲು ಮುಚ್ಚಿ, ಸಂದಿಗೆ ಗೋಣಿ ತುರುಕಿ, ಒಂದೇ ಒಲೆಯ ಸುತ್ತ ಮಲಗುವುದು ನಾನು ಈ ಮನೆಗೆ ಕಾಲಿಟ್ಟಾಗಿನಿಂದ ನಡೆದು ಬಂದದ್ದು. ನನ್ನ ಅತ್ತೆಯ ಪಕ್ಕದಲ್ಲೇ ನಾನೂ ಮಲಗಿದೆ. ನಾಯೆಫ್ ಹುಟ್ಟಿದ್ದು ಬೇಸಿಗೆಯ ಪುಣ್ಯದಿಂದ ಎಂದು ಬಹೀಜಾ ಈಗಲೂ ಆಡಿಕೊಳ್ಳುತ್ತಾಳೆ.

ಅಕ್ಟೋಬರಿನಲ್ಲಿ ನೀನು ಕೇಳಿದ್ದು ನನಗೆ ಅಕ್ಷರಕ್ಷರವೂ ನೆನಪಿದೆ. "ಅತ್ತೆ, ಈ ಸಲ ನಮ್ ಕೋಣೆಗೂ ಒಂದು ಪುಟ್ಟ ಒಲೆ ಹಾಕಿಸ್ಕೊಳ್ತೀವಿ. ಹೋದ ಚಳಿಗಾಲ ಪೂರ್ತಿ ನಾನೂ ಇವ್ರೂ ಪಿಸುಪಿಸು ಅಂತಾನೇ ಬದುಕಿದ್ವಿ. ಗಂಡನ ಜೊತೆ ಜಗಳ ಆಡೋಕಾದ್ರೂ ಒಂದು ಬಾಗಿಲು ಬೇಡ್ವಾ?" ಅಂದೆ. ನಾನು, "ಒಂದು ಸೂರಿಗೆ ಒಂದೇ ಹೊಗೆ. ಎರಡು ಬೇಕಾದೋರು ಎರಡು ಮನೆ ಮಾಡ್ಕೊಳ್ಲಿ" ಅಂದೆ. ಅಂದದ್ದು ಸುಳ್ಳಲ್ಲ. ನಮ್ಮೂರಲ್ಲಿ ಹೊಗೆ ಎಣಿಸಿಯೇ ಮನೆ ಎಣಿಸುವುದು. ನಿನ್ನ ಮಾವನ ಅಣ್ಣತಮ್ಮಂದಿರ ಮಾಡಿನಲ್ಲಿ ಎರಡನೆಯ ಕೊಳವೆ ಎದ್ದ ಚಳಿಗಾಲವೇ ಒಲೆ ಬೇರೆಯಾಯಿತು, ಮಾತು ಬೇರೆಯಾಯಿತು, ಕೊನೆಗೆ ಒಬ್ಬರ ಸಾವಿಗೆ ಇನ್ನೊಬ್ಬರು ಹೋಗಲಿಲ್ಲ. ನನಗೆ ಆ ಭಯವಿತ್ತು. ಮಾತು ಮಾತಾಗಿಯೇ ಉಳಿಯುತ್ತದೆಂದು ಎಣಿಸಿದ್ದೆ, ನೀನು ಮಾರನೆಯ ದಿನವೇ ಅದನ್ನು ನಡೆಸಿಕೊಟ್ಟೆ.

ಈಗ ಬಹೀಜಾಳ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ತಿಳಿಸುತ್ತೇನೆ. ನಿಮ್ಮ ಕೋಣೆಯ ಗೋಡೆಯಲ್ಲಿ ಒಂದು ತೂತಿದೆ. ಅದರಲ್ಲೊಂದು ಕೊಳವೆ ಇದೆ, ಕೊಳವೆಯ ಈಚೆ ತುದಿಗೆ ಒಂದು ಪುಟ್ಟ ಒಲೆ ಇದೆ. ತಪ್ಪು ತಿಳಿಯಬೇಡ. ಈ ತಿಂಗಳು ಮಂಜಿಗೆ ಬಟ್ಟೆ ಒಣಗುವುದಿಲ್ಲ, ಬಟ್ಟೆ ಒಣಗಿಸಲು ಹಾಕಿಸಿದ್ದು.

ಇದನ್ನು ಗುಟ್ಟಾಗಿ ಮಾಡಿಸೋಣವೆಂದಿದ್ದೆ. ಆದರೆ ಗೋಡೆ ಕಲ್ಲಿನದು, ಕೊರೆಯಲು ಡ್ರಿಲ್ಲು ಬೇಕು, ಡ್ರಿಲ್ಲಿಗೆ ಅವಳು ಬರಬೇಕು. ಗಾರೆಯವನು ಶನಿವಾರ ಮಧ್ಯಾಹ್ನವೆಲ್ಲ ಕುಳಿತು ನಾನು ಸೋರೆಬುರುಡೆಯಲ್ಲಿ ನೆನೆಸಿ ಕುಡಿಯುವ ಮಾತೆ ಎಲೆಯ ಕಷಾಯವನ್ನೆಲ್ಲ ಕುಡಿದು ಮುಗಿಸಿದ. ಸಂಜೆ ಶೌಕತ್‌ನ ಜನರೇಟರು ಎದ್ದ ಕೂಡಲೆ ಗೋಡೆಗೆ ಡ್ರಿಲ್ಲು ಒತ್ತಿದ. ನಮ್ಮ ಫ್ಯೂಸು ಪೆಟ್ಟಿಗೆ ಹಾರಿತು, ಅದರ ಹಿಂದೆಯೇ ಬೀದಿಯ ಪೆಟ್ಟಿಗೆಯೂ ಹಾರಿತು. ಇಡೀ ಬೀದಿ ಕತ್ತಲು. ಶೌಕತ್ ಟಾರ್ಚು ಹಿಡಿದು ಅರಚುತ್ತ ಬಂದ. "ಉಮ್ಮ್ ನಾಯೆಫ್, ನಾಯೆಫ್‌ನ ತಾಯೀ, ಗೋಡೆ ಕೊರೀತಿದ್ದೀರೋ ಬೆಟ್ಟಾನೇ ಕೊರೀತಿದ್ದೀರೋ?" ಅಂದ. ಅವನ ಹಿಂದೆ ಅರ್ಧ ಊರು. ಎಲ್ಲರ ಟಾರ್ಚಿನ ಬೆಳಕೂ ನಿಮ್ಮ ಕೋಣೆಯ ಗೋಡೆಯ ಮೇಲೆ.

"ಏನೇ ಸಮೀಹಾ, ಮನೆ ಪಾಲಾಯ್ತಾ?" ಎಂದು ಬಹೀಜಾ ಎಲ್ಲರೆದುರೇ ಕೇಳಿದಳು. ಬಟ್ಟೆ ಒಣಗಿಸಲು ಎಂದೆ. "ಇಬ್ರ ಬಟ್ಟೆಗೆ ಒಂದು ಒಲೆನಾ?" ಅಂದಳು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಕಣೇ" ಎಂದು ನನ್ನ ಬೆನ್ನು ತಟ್ಟಿ ಹೋದಳು. ಉಳಿದ ತೂತನ್ನು ಗಾರೆಯವನು ಉಳಿ ಸುತ್ತಿಗೆಯಲ್ಲೇ ಹೊಡೆದ, ನಾನು ದೀಪ ಹಿಡಿದೆ. ಊರಿನ ಮುಂದೆ ನಾನು ಇಷ್ಟು ಸಣ್ಣವಳಾದದ್ದು ಇದೇ ಮೊದಲು. ಆದರೂ ಸತ್ತುಹೋಗಲಿಲ್ಲ. ಇದ್ದೇನೆ.

ಭಾನುವಾರ ಎರಡೂ ಒಲೆ ಹೊತ್ತಿಸಿ ನೋಡಿದೆ. ನಾಯೆಫ್ ಊಟಕ್ಕೆ ಬರುವಾಗ ಕೆಳಗಿನ ತಿರುವಿನಲ್ಲೇ ನಿಂತು ಮಾಡು ನೋಡುತ್ತಿದ್ದನಂತೆ. ಒಳಗೆ ಬಂದು, ಕೈ ತೊಳೆದು ಕುಳಿತು, "ಬಟ್ಟೆ ಚೆನ್ನಾಗ್ ಒಣಗತ್ತಾ ಅಮ್ಮಾ?" ಅಂದ. ಒಣಗುತ್ತದೆ ಎಂದೆ. ಅಕ್ಟೋಬರಿನಿಂದೀಚೆಗೆ ಅವನು ನಕ್ಕದ್ದು ಅಂದೇ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕವನ್ನೂ ಹೊಡೆಸಿದ್ದೇನೆ. ಗಾಳಿಗೆ ಬಡಿದುಕೊಳ್ಳುತ್ತಿತ್ತು.

ನಾನು ಹೇಳಿದ್ದು ತಪ್ಪೆಂದು ಬರೆಯಲು ಕಾಗದ ತೆಗೆದುಕೊಂಡದ್ದಲ್ಲ. ಈಗಲೂ ಹೇಳುತ್ತೇನೆ, ಒಲೆ ಎರಡಾದರೆ ಸೌದೆ ಎರಡಾಗುತ್ತದೆ, ಬೂದಿ ಎರಡಾಗುತ್ತದೆ. ಅಷ್ಟು ಮಾತ್ರ ಎರಡಾದರೆ ನಾನು ಸಹಿಸಿಕೊಳ್ಳಬಲ್ಲೆ.

ಇನ್ನೊಂದು ಸಂಗತಿ ಬರೆದು ಮುಗಿಸುತ್ತೇನೆ, ನಿನಗೆ ನಗು ಬರಲಿ. ಮಂಗಳವಾರ ಸಂಜೆ, ಮಬ್ಬು ಕವಿದಿತ್ತು. ನಮ್ಮ ಪೆಟ್ಟಿಗೆ ಹಾರಿದ್ದು ಇನ್ನೂ ರಿಪೇರಿಯಾಗದೆ ಮನೆಯಲ್ಲಿ ದೀಪದ ಬೆಳಕೇ. ಕೆಳಗಿನ ತಿರುವಿನಲ್ಲಿ ಕರಾವಳಿಯಿಂದ ಹಿಂದಿರುಗುವ ವ್ಯಾನಿನ ಹಾರ್ನು ಕೇಳಿಸಿತು. ಅದೇ ಗಳಿಗೆಗೆ ಬೀದಿಯ ಮಕ್ಕಳೆಲ್ಲ, "ಬಂದ್ಳು! ಬಂದ್ಳು!" ಎಂದು ಕಿರುಚತೊಡಗಿದವು. ಬಹೀಜಾ ತನ್ನ ಜಗಲಿಯಿಂದ ನಮ್ಮ ಮನೆಯ ಕಡೆ ತಿರುಗಿ, "ಉಮ್ಮ್ ನಾಯೆಫ್! ಬಂದ್ಳು ಕಣೇ, ಏನ್ ಮಾಡ್ತಿದ್ದೀಯಾ ಒಳಗೆ, ಓಡಿ ಬಾ!" ಎಂದು ಕೂಗಿದಳು.

ನಾಯೆಫ್ ಓಡಿದ. ಬರಿಗಾಲಲ್ಲಿ, ಕೈಯಲ್ಲಿ ಕಷಾಯದ ಸೋರೆಬುರುಡೆ ಹಿಡಿದುಕೊಂಡೇ, ಮೆಟ್ಟಿಲಿಳಿದು ತಾಲಾ ತಾಲಾ ಎಂದು ಕೂಗುತ್ತ ತಿರುವಿನವರೆಗೂ ಓಡಿದ. ವ್ಯಾನಿನಿಂದ ಇಳಿದದ್ದು ಸೇಬಿನ ಖಾಲಿ ಪೆಟ್ಟಿಗೆಗಳು. ಬೀದಿದೀಪ ಉರಿಯುತ್ತಿತ್ತು, ಎಲ್ಲರ ಕಿಟಕಿಗಳೂ ಬೆಳಗಿದ್ದವು. ಬಂದವಳು ಆ ಇನ್ನೊಬ್ಬಳು. ಜನ ನೋಡಿದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಷ್ಟು ಬೆಳಕಿನ ನಡುವೆ ನಿಂತು ಅವನಿಗೆ ಅಳು ಬಂದಂತಾಯಿತಂತೆ. ಹಿಂದಿರುಗುವಾಗ ಒಂದೊಂದು ಮೆಟ್ಟಿಲಿಗೂ ನಿಂತು ಸುಧಾರಿಸಿಕೊಂಡು ಹತ್ತಿದನಂತೆ. ಅವಳು ಬಂದಷ್ಟೇ ಬೇಗ ಹೊರಟುಹೋದಳು.

ವ್ಯಾನಿನವನು ಹೊರಗೆ ಹಾರ್ನು ಬಾರಿಸುತ್ತಿದ್ದಾನೆ, ನಿಲ್ಲಿಸುತ್ತೇನೆ. ಅವನು ಮಂಗಳವಾರ ಸಂಜೆಯಲ್ಲದೆ ಪ್ರತಿ ಶನಿವಾರ ಬೆಳಿಗ್ಗೆಯೂ ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಾನೆ, ಮುಂದಿನ ಸೀಟಿನಲ್ಲಿ ಇಬ್ಬರು ಕೂರಬಹುದು. ಇದು ಸುಮ್ಮನೆ ತಿಳಿಸಿದ್ದು. ನಿನ್ನ ಅಪ್ಪ ಅಮ್ಮನಿಗೆ ನನ್ನ ಸಲಾಮು. ನನಗಿಂತ ಹೆಚ್ಚು ಬಾಳಿ ನನ್ನನ್ನು ಮಣ್ಣು ಮಾಡಲೆಂದೇ ಹುಟ್ಟಿದ ಆ ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ಒಲೆಯ ಪಕ್ಕದಿಂದ,
ನಿನ್ನ ಅತ್ತೆ
ಸಮೀಹಾ, ಉಮ್ಮ್ ನಾಯೆಫ್

ಮರೆತ ಮಾತು: ಮೇಲೆ ಬರೆದ ಓಟದ ಕಥೆಯನ್ನು ನಾಯೆಫ್‌ಗೆ ಓದಿ ಹೇಳಬೇಡ. ಮಂಗಳವಾರ ಅವನು ಅಂಗಡಿಯಿಂದ ಬಂದಾಗ ಊಟದ ಹೊತ್ತೂ ಮೀರಿತ್ತು. ಮಕ್ಕಳು ಕೂಗಿದಾಗ ಮನೆಯಲ್ಲಿದ್ದದ್ದು ನಾನೊಬ್ಬಳೇ.